ಸ್ಟ್ರಿಂಗ್‌ನೊಳಗೆ ಬರೆದ ಕ್ವೆರಿ ಮತ್ತು ಎಡಿಟರ್ ಕೊಡುವ ಸಲಹೆ

ಬಿಲ್ಲಿಂಗ್ ತಂತ್ರಾಂಶದ ಬ್ಯಾಕೆಂಡ್ ನೋಡಿಕೊಳ್ಳುವ ತಂಡದಲ್ಲಿದ್ದಾಗ, ತಿಂಗಳ ಕೊನೆಯ ರಾತ್ರಿ ಸಿದ್ಧವಾಗಬೇಕಿದ್ದ ವರದಿಯೊಂದು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ 42703 ಎಂಬ ದೋಷಸಂಖ್ಯೆ ತೋರಿಸಿ ನಿಂತುಹೋಯಿತು. ಕ್ವೆರಿಯಲ್ಲಿ, ಅಂದರೆ ಡೇಟಾಬೇಸ್‌ಗೆ ಕಳುಹಿಸುವ ಪ್ರಶ್ನೆಯಲ್ಲಿ, ಹೆಸರಿಸಿದ ಕಾಲಂ ಇಲ್ಲ ಎಂಬುದು ಅದರ ಅರ್ಥ. ಎರಡು ವಾರಗಳ ಹಿಂದೆ ಇನ್‌ವಾಯ್ಸ್ ಟೇಬಲ್‌ನ 'ಪೇಯ್ಡ್_ಆನ್' ಕಾಲಂನ ಹೆಸರನ್ನು 'ಸೆಟಲ್ಡ್_ಆನ್' ಎಂದು ಬದಲಿಸಿದವನು ನಾನೇ. ಜಾವಾ ಕ್ಲಾಸ್‌ನಲ್ಲಿ ಅದಕ್ಕೆ ಹೊಂದುವ ಫೀಲ್ಡ್‌ನ ಹೆಸರು ಬದಲಿಸಿದಾಗ, ಅದನ್ನು ಬಳಸಿದ್ದ ಪ್ರತಿಯೊಂದು ಸಾಲನ್ನೂ ಕಂಪೈಲರ್ (ಕೋಡನ್ನು ಪರಿಶೀಲಿಸಿ ಯಂತ್ರಕ್ಕೆ ಅನುವಾದಿಸುವ ತಂತ್ರಾಂಶ) ಎತ್ತಿ ತೋರಿಸಿತ್ತು. ವರದಿಯ ಕ್ವೆರಿ ಮಾತ್ರ ಉದ್ಧರಣ ಚಿಹ್ನೆಗಳ ನಡುವೆ ಸ್ಟ್ರಿಂಗ್ ಆಗಿ ಇದ್ದುದರಿಂದ, ಕಂಪೈಲರ್ ಪಾಲಿಗೆ ಅದು ಬರೀ ಅಕ್ಷರಗಳ ಸಾಲಾಗಿತ್ತು.

ಆ ಕ್ವೆರಿಯನ್ನು ಹನ್ನೊಂದು ತುಂಡುಗಳಾಗಿ ಬರೆದು ಪ್ಲಸ್ ಚಿಹ್ನೆಯಿಂದ ಜೋಡಿಸಲಾಗಿತ್ತು. ಒಂದು ತುಂಡಿನ ಕೊನೆಯಲ್ಲಿ ಜಾಗ ಬಿಡಲು ಮರೆತರೆ ಟೇಬಲ್‌ನ ಹೆಸರು ಮುಂದಿನ 'ವೇರ್' ಪದಕ್ಕೆ ಅಂಟಿಕೊಳ್ಳುತ್ತಿತ್ತು. ಮೊದಲು ಅದನ್ನು ಜಾವಾ 15ರಲ್ಲಿ ಅಧಿಕೃತವಾಗಿ ಬಂದ ಟೆಕ್ಸ್ಟ್ ಬ್ಲಾಕ್ (ಹಲವು ಸಾಲುಗಳ ಒಂದೇ ಸ್ಟ್ರಿಂಗ್) ಆಗಿ ಮಾರ್ಪಡಿಸಿದೆವು. ಬಳಿಕ ಇಂಟೆಲಿಜೆ ಐಡಿಯಾ ಎಂಬ ಕೋಡ್ ಎಡಿಟರಿನಲ್ಲಿ ಆ ಸ್ಟ್ರಿಂಗ್‌ನ ಮೇಲೆ ಭಾಷೆ ಎಸ್‌ಕ್ಯೂಎಲ್ (ಕ್ವೆರಿ ಬರೆಯುವ ಭಾಷೆ) ಎಂದು ಸೂಚಿಸುವ ಒಂದು ಸಾಲಿನ ಕಾಮೆಂಟ್ ಬರೆದು, ಡೇಟಾಬೇಸ್ ಸಂಪರ್ಕ ಕೊಟ್ಟು, ಡಯಲೆಕ್ಟ್ (ಆ ಭಾಷೆಯ ಪ್ರಭೇದ) ಪೋಸ್ಟ್‌ಗ್ರೆಸ್ ಎಂದು ಆರಿಸಿದೆವು. ಟೇಬಲ್‌ನ ಅಡ್ಡಹೆಸರಿನ ಮುಂದೆ ಚುಕ್ಕಿ ಇಟ್ಟೊಡನೆ ಕಾಲಂಗಳ ಪಟ್ಟಿ ತೆರೆದುಕೊಂಡಿತು, ಹಳೆಯ 'ಪೇಯ್ಡ್_ಆನ್' ಕೆಂಪಾಯಿತು.

ಆದರೆ ಎಡಿಟರ್ ಈ ಪಟ್ಟಿಯನ್ನು ಕೊಡುವುದು ತಾನು ಹಿಂದೆ ಓದಿ ಇಟ್ಟುಕೊಂಡ ಸ್ಕೀಮಾದಿಂದ, ಅಂದರೆ ಟೇಬಲ್ ಮತ್ತು ಕಾಲಂಗಳ ರಚನೆಯ ವಿವರದಿಂದ. ಇದನ್ನು ನಾವು ಸರಿಯಾಗಿ ಅರಿತದ್ದು ಮುಂದಿನ ತಿಂಗಳು. ಸಹೋದ್ಯೋಗಿಯೊಬ್ಬರು ಪ್ರಯೋಗಕ್ಕೆಂದು ತಮ್ಮ ಲ್ಯಾಪ್‌ಟಾಪ್‌ನ ಡೇಟಾಬೇಸ್‌ಗೆ ಒಂದು ಕಾಲಂ ಸೇರಿಸಿ, ಆ ಬ್ರಾಂಚನ್ನು (ಕೋಡಿನ ಪ್ರತ್ಯೇಕ ಕವಲನ್ನು) ಕೈಬಿಟ್ಟಿದ್ದರು. ಬೇರೊಂದು ಕೆಲಸದ ನಡುವೆ ಎಡಿಟರ್ ಅದೇ ಕಾಲಂ ಅನ್ನು ಸೂಚಿಸಿತು, ಅವರು ಒಪ್ಪಿಕೊಂಡರು, ಅವರ ಯಂತ್ರದಲ್ಲಿ ಎಲ್ಲವೂ ನಡೆಯಿತು, ಟೆಸ್ಟ್ ಸರ್ವರ್‌ನಲ್ಲಿ ಬಿದ್ದುಹೋಯಿತು. ಅಂದಿನಿಂದ ಮುಖ್ಯ ಬ್ರಾಂಚಿನ ಮೈಗ್ರೇಶನ್‌ಗಳಿಂದ (ಸ್ಕೀಮಾ ಬದಲಿಸುವ ಸ್ಕ್ರಿಪ್ಟ್‌ಗಳಿಂದ) ಮಾತ್ರ ಕಟ್ಟಿದ ಪ್ರತ್ಯೇಕ ಡೇಟಾಬೇಸ್‌ಗೇ ಎಡಿಟರನ್ನು ಜೋಡಿಸುತ್ತೇವೆ, ಪ್ರತಿ ಮೈಗ್ರೇಶನ್ ನಂತರ ಸ್ಕೀಮಾವನ್ನು ರಿಫ್ರೆಶ್ ಮಾಡುತ್ತೇವೆ. ಅದರ ಮೇಲೆ, ಪ್ರತಿಯೊಂದು ಕ್ವೆರಿಯೂ ಕಂಟೇನರ್‌ನಲ್ಲಿ (ತಂತ್ರಾಂಶ ಓಡುವ ಪ್ರತ್ಯೇಕ ಆವರಣದಲ್ಲಿ) ಏಳುವ ನಿಜವಾದ ಪೋಸ್ಟ್‌ಗ್ರೆಸ್ ಮೇಲೆ ಒಮ್ಮೆಯಾದರೂ ಓಡುವಂತೆ ಟೆಸ್ಟ್ ಬರೆಯುತ್ತೇವೆ. ಬರೆಯುವಾಗಿನ ನೆರವನ್ನು ಪರೀಕ್ಷೆಯೆಂದು ನಂಬಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಉಳಿದದ್ದು ವಿಂಗಡಣೆಯ ಪ್ರಶ್ನೆ, ಅಂದರೆ ಸಾಲುಗಳನ್ನು ಯಾವ ಕಾಲಂನ ಕ್ರಮದಲ್ಲಿ ತೋರಿಸಬೇಕು ಎಂಬುದು. 'ಆರ್ಡರ್ ಬೈ' ನಂತರದ ಕಾಲಂನ ಹೆಸರನ್ನು ಬೈಂಡ್ ಪ್ಯಾರಾಮೀಟರ್ (ಕ್ವೆರಿಯ ಪಠ್ಯದಿಂದ ಬೇರೆಯಾಗಿ ಕಳುಹಿಸುವ ಮೌಲ್ಯ) ಆಗಿ ಕಳುಹಿಸಲು ಬರುವುದಿಲ್ಲ; ವೇರಿಯಬಲ್‌ನಿಂದ ಜೋಡಿಸಿದರೆ ಅದರ ಮೌಲ್ಯ ಎಡಿಟರಿಗೆ ತಿಳಿಯದು, ಬಳಕೆದಾರರು ಕೊಟ್ಟ ಪಠ್ಯವನ್ನೇ ಜೋಡಿಸಿದರಂತೂ ದಾಳಿಗೆ ದಾರಿಯಾಗುತ್ತದೆ. ಆದ್ದರಿಂದ ಮೂರು ಬಗೆಯ ವಿಂಗಡಣೆಗೆ ಮೂರು ಪೂರ್ಣ ಕ್ವೆರಿಗಳನ್ನು ಬರೆದೆವು. ಒಂದೇ ಸಾಲುಗಳು ಮತ್ತೆ ಮತ್ತೆ ಬಂದಿವೆ ಎಂದು ಕೋಡ್ ರಿವ್ಯೂನಲ್ಲಿ ಆಕ್ಷೇಪ ಬಂತು. ಮೂರರಲ್ಲೂ ತಪ್ಪು ಕಾಲಂ ಬರೆಯುವಾಗಲೇ ಕೆಂಪಾಗಿ ಕಾಣುತ್ತದೆ ಎಂಬ ಕಾರಣಕ್ಕೆ ಅವನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ.