‘ನಮ್ಮ ಮಲೇರಿಯಾವೇ ಅಲ್ವಾ?’

ಮಂಗಳೂರಿನ ಬಿಜೈಯಲ್ಲಿ ನಮ್ಮ ಮನೆಯ ಹಿಂದೆ ಅಪಾರ್ಟ್‌ಮೆಂಟ್ ಏಳುತ್ತಿದ್ದ ವರ್ಷ ಮನೆಯ ಐವರಲ್ಲಿ ನಾಲ್ವರಿಗೆ ಮಲೇರಿಯಾ. ಸ್ಲ್ಯಾಬ್ ಬಿರುಕು ಬಿಡಬಾರದೆಂದು ತಾರಸಿಯಲ್ಲಿ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾರಲ್ಲ, ಆ ಕ್ಯೂರಿಂಗ್ ನೀರಿನಲ್ಲೇ ನುಸಿಗಳ ಬಾಣಂತನ. ಅಪ್ಪನಿಗೆ ಎರಡು ಸಲ ಬಂತು. ಬೆರಳಿಗೆ ಚುಚ್ಚಿ ರಕ್ತ ಕೊಡುವುದು, ಕ್ಲೋರೊಕ್ವಿನ್ 3 ದಿನ, ಪ್ರೈಮಾಕ್ವಿನ್ 14 ದಿನ, ಇದೆಲ್ಲ ನಮಗೆ ಬಾಯಿಪಾಠ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ‘ನಿಮಗೆ ಎಷ್ಟು ಸಲ ಆಯ್ತು?’ ಎಂದು ಕೇಳಿಕೊಳ್ಳುತ್ತಿದ್ದ ಊರು ಇದು.

ಈ ಸಲಿಗೆಯೇ ನನ್ನನ್ನು ಆಸ್ಪತ್ರೆಯಲ್ಲಿ ಮಲಗಿಸಿದ್ದು.

ನಾನು ಗೇರುಬೀಜದ ಫ್ಯಾಕ್ಟರಿಯೊಂದರಲ್ಲಿ ಕಚ್ಚಾ ಬೀಜದ ಗುಣಮಟ್ಟ ನೋಡುವವ. ನಮ್ಮ ಕಡೆಯ ಬೀಜ ಫ್ಯಾಕ್ಟರಿಗಳಿಗೆ ಎಲ್ಲಿ ಸಾಕಾಗುತ್ತದೆ? ತಾಂಜಾನಿಯಾ, ಬೆನಿನ್, ಐವರಿ ಕೋಸ್ಟ್ ಕಡೆಯಿಂದ ಹಡಗಿನಲ್ಲಿ ಬರಬೇಕು. 2016ರಲ್ಲಿ ಮೊದಲ ಸಲ ನನ್ನನ್ನು ತಾಂಜಾನಿಯಾದ ದಕ್ಷಿಣ ತುದಿಯ ಮ್ತ್ವಾರಾಕ್ಕೆ ಕಳಿಸಿದರು. ಗೋದಾಮಿನಲ್ಲಿ ಚೀಲಗಳಿಂದ ಸ್ಯಾಂಪಲ್ ತೆಗೆದು, ಒಂದು ಕಿಲೋ ಬೀಜ ಕತ್ತರಿಸಿ, ಒಳ್ಳೆಯ ತಿರುಳನ್ನು ತೂಗಿ, 80 ಕಿಲೋದ ಚೀಲಕ್ಕೆ ಎಷ್ಟು ಪೌಂಡ್ ಬೀಳುತ್ತದೆಂದು ಲೆಕ್ಕ ಹಾಕುವ ಕೆಲಸ. ಅಲ್ಲಿ ಕೊಯ್ಲು ಅಕ್ಟೋಬರಿನಲ್ಲಿ ಶುರು. ಡಿಸೆಂಬರ್ ಬರುವಷ್ಟರಲ್ಲಿ ಮಳೆಯೂ ಹಿಡಿದುಕೊಳ್ಳುತ್ತದೆ. ನಾನಿದ್ದದ್ದು ಸರಿಯಾಗಿ ಆ ಹೊತ್ತಿಗೆ.

ಹೊರಡುವ ಮುಂಚೆ ಯಾರೋ ಮಲೇರಿಯಾ ಬಾರದಂತೆ ಮೊದಲೇ ನುಂಗುವ ಮಾತ್ರೆಯ ಸುದ್ದಿ ಎತ್ತಿದ್ದರು. ‘ಎಂತದು, ನಮ್ಮ ಮಲೇರಿಯಾವೇ ಅಲ್ವಾ?’ ಎಂದು ನಾನೇ ನಕ್ಕದ್ದು. ಬ್ಯಾಗಿನಲ್ಲಿ ನುಸಿಬತ್ತಿಯ ಎರಡು ಪ್ಯಾಕೆಟ್, ಅಮ್ಮ ಕಟ್ಟಿಕೊಟ್ಟ ಕಿರಾತಕಡ್ಡಿ ಇತ್ತು. ಹೋಟೆಲಿನ ಮಂಚಕ್ಕೆ ನುಸಿಪರದೆ ಇತ್ತು, ಅಲ್ಲಿಯವರು ಅದಕ್ಕೆ ‘ಚಂದರುವಾ’ ಅನ್ನುತ್ತಾರೆ. ಸೆಖೆ ಎಂದು ಅದನ್ನು ಮೇಲಕ್ಕೆ ಸುತ್ತಿಟ್ಟೆ.

ಊರಿಗೆ ಬಂದ ಹನ್ನೆರಡನೆಯ ದಿನ ಚಳಿಜ್ವರ. ಮನೆಯಲ್ಲಿ ಉಳಿದಿದ್ದ ಕ್ಲೋರೊಕ್ವಿನ್ ನಾನೇ ನುಂಗಿದೆ. ಎರಡು ದಿನ ಕಾದೆ. ಹತ್ತಿರದ ಕ್ಲಿನಿಕ್ಕಿನಲ್ಲಿ ವೈರಲ್ ಎಂದು ಕಳಿಸಿದರು. ಎಲ್ಲಿಗಾದರೂ ಹೋಗಿದ್ದಿರಾ ಎಂದು ಅವರು ಕೇಳಲಿಲ್ಲ, ಆಫ್ರಿಕಾ ಎಂದು ನಾನೂ ಹೇಳಲಿಲ್ಲ. ಮೂರನೆಯ ದಿನ ಕಣ್ಣು ಹಳದಿಯಾಗಿ, ಹೆಂಡತಿ ಕರೆದರೆ ಉತ್ತರಿಸಲೂ ಆಗದ ಸ್ಥಿತಿಯಲ್ಲಿ ದೊಡ್ಡಾಸ್ಪತ್ರೆಗೆ ಹೋದದ್ದು. ರಕ್ತದಲ್ಲಿ ಫಾಲ್ಸಿಪಾರಮ್ ಸಿಕ್ಕಿತು, ಮಲೇರಿಯಾದ ಹೆಚ್ಚು ಅಪಾಯದ ರೋಗಾಣು.

ಡಾಕ್ಟ್ರು ಆಮೇಲೆ ಬಿಡಿಸಿ ಹೇಳಿದರು. ‘ನಿಮ್ಮ ಮನೆಯಲ್ಲಿ ಬಂದದ್ದು ವೈವಾಕ್ಸ್. ಅದನ್ನೂ ಹಗುರ ಮಾಡಬಾರದು, ಆದರೆ ಇದು ಒಂದೆರಡು ದಿನದಲ್ಲಿ ಮಿದುಳಿಗೆ, ಕಿಡ್ನಿಗೆ ಹೋಗಬಹುದು. ಆಫ್ರಿಕಾದ ಫಾಲ್ಸಿಪಾರಮ್‌ಗೆ ಕ್ಲೋರೊಕ್ವಿನ್ ನಾಟುವುದಿಲ್ಲ ಮಾರಾಯ್ರೆ. ವೈವಾಕ್ಸ್ ನಾಲ್ಕು ಸಲ ಬಂದವರಿಗೂ ಇದರಿಂದ ರಕ್ಷಣೆ ಇಲ್ಲ.’ ಆರ್ಟಿಸುನೇಟ್ ಇಂಜೆಕ್ಷನ್, ಆಮೇಲೆ ಮೂರು ದಿನ ಮಾತ್ರೆ. ಮಾತ್ರೆಯ ಜೊತೆ ಹಾಲು ಕುಡಿಯಲೇಬೇಕು, ಕೊಬ್ಬಿನಂಶ ಇಲ್ಲದಿದ್ದರೆ ಅದು ಸರಿಯಾಗಿ ಮೈಗೆ ಹಿಡಿಯುವುದಿಲ್ಲವಂತೆ. ವಾಂತಿ ಬರುವವನಿಗೆ ಹಾಲು! ಅಮ್ಮ ಲೋಟ ಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದರು.

ನುಸಿಯೂ ಬೇರೆ ಜಾತಿಯದು. ನಮ್ಮಲ್ಲಿ ಟ್ಯಾಂಕಿ, ತಾರಸಿ ಹುಡುಕುವುದು ಸ್ಟೀಫೆನ್ಸಿ. ಅಲ್ಲಿಯ ಗಾಂಬಿಯೆಗೆ ಬಿಸಿಲು ಬೀಳುವ ಪುಟ್ಟ ಗುಂಡಿ ಸಾಕು, ಗೋದಾಮಿನ ಅಂಗಳದಲ್ಲಿ ಲಾರಿ ಚಕ್ರ ಕೊರೆದ ಹಳ್ಳ ಧಾರಾಳ. ಕಚ್ಚುವುದು ಹೆಚ್ಚಾಗಿ ನಡುರಾತ್ರಿ, ನಾವು ಗೊರಕೆ ಹೊಡೆಯುವಾಗ. ಹಾಗಾಗಿ ಪರದೆ ಕಟ್ಟದಿದ್ದರೆ ಕೆಲಸ ಕೆಟ್ಟಿತು. (ನಮ್ಮ ಸ್ಟೀಫೆನ್ಸಿಯೂ ಸುಮ್ಮನೆ ಕೂತಿಲ್ಲ. 2012ರಲ್ಲಿ ಜಿಬೂಟಿಯಲ್ಲಿ ಸಿಕ್ಕಿತು, ಈಗ ಇಥಿಯೋಪಿಯಾದಲ್ಲೂ ಇದೆ. ಪಾಸ್‌ಪೋರ್ಟ್ ನನಗೆ ಮಾತ್ರ ಬೇಕು.)

ಮುಂದಿನ ಸಲ ಹೊರಡುವ ತಿಂಗಳ ಮೊದಲೇ ಡಾಕ್ಟ್ರ ಮುಂದೆ ಕೂತೆ. ಮಲೇರಿಯಾ ತಡೆಯುವ ಮಾತ್ರೆಯಲ್ಲಿ ಆಯ್ಕೆ ಮೂರು. ಮೆಫ್ಲೊಕ್ವಿನ್ ವಾರಕ್ಕೊಂದು, ಆದರೆ ಎರಡು ಮೂರು ವಾರ ಮೊದಲೇ ಶುರು ಮಾಡಬೇಕು. ಮನಸ್ಸಿನ ಕಾಯಿಲೆ, ಫಿಟ್ಸ್ ಇದ್ದವರಿಗೆ ಕೊಡುವುದಿಲ್ಲ, ಕೆಲವರಿಗೆ ಕೆಟ್ಟ ಕನಸು. ನನಗೆ ಮೊದಲೇ ರಾತ್ರಿ ಲೆಕ್ಕದ ಕನಸು ಬೀಳುವುದರಿಂದ ಬೇಡವೆಂದೆ. ಅಟೊವಾಕ್ವೋನ್-ಪ್ರೊಗ್ವಾನಿಲ್ ಎಲ್ಲಕ್ಕಿಂತ ಸಲೀಸು, ಹೋಗುವ ಮುನ್ನಾದಿನ ಶುರು ಮಾಡಿ ವಾಪಸಾದ ಮೇಲೆ 7 ದಿನ ತೆಗೆದುಕೊಂಡರೆ ಮುಗಿಯಿತು. ನಾನು ಕೇಳಿದ ನಾಲ್ಕು ಮೆಡಿಕಲ್‌ಗಳಲ್ಲಿ ಇರಲಿಲ್ಲ. ಕೊನೆಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೊಂದು, ಬಂದ ಮೇಲೂ 4 ವಾರ. ಗರ್ಭಿಣಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಇದು ಆಗದು. ಯಾರಿಗೆ ಯಾವುದೆಂದು ಡಾಕ್ಟ್ರೇ ಹೇಳಬೇಕು, ನನ್ನ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ತಗೊಳ್ಳಬೇಡಿ.

ಡಾಕ್ಸಿಸೈಕ್ಲಿನ್‌ಗೆ ಬಿಸಿಲು ಆಗದು. ಅಂಗಳದಲ್ಲಿ ಚೀಲ ಎಣಿಸುತ್ತ ನಿಂತ ಎರಡನೇ ದಿನಕ್ಕೆ ಕುತ್ತಿಗೆ ಸುಟ್ಟ ಹಪ್ಪಳವಾಯಿತು. ಆಮೇಲೆ ತುಂಬು ತೋಳಿನ ಅಂಗಿ, ಟೊಪ್ಪಿ. ಒಮ್ಮೆ ರಾತ್ರಿ ಒಂದು ಗುಟುಕು ನೀರಿನಲ್ಲಿ ನುಂಗಿ ಮಲಗಿದೆ, ಅದು ಗಂಟಲಲ್ಲೇ ಕೂತು ಎದೆಯೆಲ್ಲ ಉರಿ. ಈಗ ಮಧ್ಯಾಹ್ನದ ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ. ಪರದೆಯನ್ನು ಇಲ್ಲಿಂದಲೇ ಒಯ್ಯುತ್ತೇನೆ, ನುಸಿ ಕೊಲ್ಲುವ ಔಷಧಿಯಲ್ಲಿ ಅದ್ದಿದ್ದು, ಜೊತೆಗೆ ಸೂಜಿದಾರ. ಸಂಜೆಯಾದ ಮೇಲೆ ನುಸಿ ಓಡಿಸುವ ಡೀಟ್ ಇರುವ ಕ್ರೀಮು.

ಇಷ್ಟು ಮಾಡಿದರೂ ಜ್ವರ ಬರಲೇಬಾರದೆಂದಿಲ್ಲ. ಅಲ್ಲಿಗೆ ಕಾಲಿಟ್ಟ ಒಂದು ವಾರದ ನಂತರದಿಂದ ಹಿಡಿದು ಊರಿಗೆ ಬಂದ ಮೂರು ತಿಂಗಳವರೆಗೂ ಮೈ ಬಿಸಿಯಾದರೆ ಅದೇ ದಿನ ರಕ್ತ ಪರೀಕ್ಷೆ. ಬಾಗಿಲಲ್ಲೇ ‘ಆಫ್ರಿಕಾಕ್ಕೆ ಹೋಗಿದ್ದೆ’ ಎನ್ನಬೇಕು. ಒಮ್ಮೆ ಇಲ್ಲವೆಂದು ಬಂದರೂ ಜ್ವರ ಇಳಿಯದಿದ್ದರೆ ಮರುದಿನ ಮತ್ತೆ ಪರೀಕ್ಷೆ.

ನಿನ್ನೆ ಊಟಕ್ಕೆ ಕೂತಾಗ ಮೊಬೈಲಿನ ಅಲಾರಾಂ ಹೊಡೆಯಿತು. ಬಂಗುಡೆ ಗಸಿ ಬಡಿಸುತ್ತಿದ್ದ ಅಮ್ಮ ಕೇಳಿದರು, ‘ಬಂದು ಇಷ್ಟು ದಿನ ಆಯ್ತು, ಜ್ವರವೂ ಇಲ್ಲ. ಇನ್ನೂ ಎಂತಕ್ಕೆ ಅದು?’ ಪಿತ್ತಜನಕಾಂಗದಲ್ಲಿ ಕೂತ ರೋಗಾಣುವನ್ನು ಈ ಮಾತ್ರೆ ಅಷ್ಟಾಗಿ ಮುಟ್ಟುವುದಿಲ್ಲ, ರಕ್ತಕ್ಕೆ ಇಳಿದ ಮೇಲೆಯೇ ಹಿಡಿಯುವುದು, ಅದಕ್ಕೇ ಕಾಯಬೇಕು ಎಂದೆ. ‘ಹಾಗಾದರೆ ಹಾಲು ಕೊಡಲಾ?’ ಎಂದರು. ಇದಕ್ಕೆ ಹಾಲು ಬೇಡಮ್ಮ, ನೀರು ಸಾಕು.

ಇವತ್ತಿಗೆ ಬಂದು 19 ದಿನ. ಇನ್ನು ಒಂಬತ್ತು ಮಾತ್ರೆ ಇವೆ.