‘ಆ ಮಾತ್ರೆ ಬಿಡಬಹುದಾ?’

“ಇದನ್ನ ತಗೊಂಡ್ರೆ ಆ ಮಾತ್ರೆ ಬಿಡಬಹುದಾ?” ಮೊನ್ನೆ ಅಕ್ಕ ಮೆಡಿಕಲ್ ಶಾಪಿನಲ್ಲಿ ಕೇಳಿದ ಈ ಮಾತು ತಲೆಯಿಂದ ಹೋಗುತ್ತಿಲ್ಲ.

ಆ ಮಾತ್ರೆ ಅಂದರೆ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್. ಲೂಪಸ್ ಕಾಯಿಲೆ ಅಂತ ಗೊತ್ತಾದಾಗಿನಿಂದ ತಗೊಳ್ಳುತ್ತಿದ್ದಾಳೆ. ಮುಖ ಊದಿದೆ, ನಿದ್ದೆ ಸರಿಯಾಗಿ ಬರಲ್ಲ. ಮದುವೆ ಮನೆಗೆ ಹೋದರೆ “ಏನೇ, ಇಷ್ಟು ದಪ್ಪ ಆಗಿದೀಯ” ಅನ್ನುವವರೇ ಎಲ್ಲ. ಇಂಥವರಿಗೆ ಬಾಯಿ ಮುಚ್ಚಿಕೊಂಡು ಊಟ ಮಾಡೋಕೆ ಏನು ಕಷ್ಟ?

ಅಂಗಡಿಯವರು ಚೀಟಿ ನೋಡಿದರು. “ಸ್ಟೀರಾಯ್ಡ್ ತಗೊಂಡ್ರೆ ಇಮ್ಯೂನಿಟಿ ಬಿದ್ದೋಗುತ್ತೆ ಮೇಡಂ, ಜಿಂಕ್ ಶುರು ಮಾಡಿ” ಅಂತ 50 ಮಿಲಿಗ್ರಾಂ ಮಾತ್ರೆ ಮುಂದಿಟ್ಟರು. ಆಗಲೇ ಅವಳು ಕೇಳಿದ್ದು. ಎಷ್ಟು ಆಸೆಯಿಂದ ಕೇಳಿದಳು! ಅವರು “ಹ್ಞೂಂ, ಬಿಡಬಹುದು” ಅಂದುಬಿಟ್ಟರು. ಯಾವ ಕಾಯಿಲೆ ಅಂತಲೂ ಕೇಳಲಿಲ್ಲ.

ಲೂಪಸ್‌ನಲ್ಲಿ ರೋಗನಿರೋಧಕ ಶಕ್ತಿಯೇ ಸ್ವಂತ ಮೈಮೇಲೆ ತಿರುಗಿ ಬೀಳುತ್ತದೆ. ಅದನ್ನು ತಣ್ಣಗಿಡೋಕೇ ಸ್ಟೀರಾಯ್ಡ್. ದಿಢೀರನೆ ಬಿಟ್ಟರೆ ಕಾಯಿಲೆ ಕೆರಳಬಹುದು. ಬಹಳ ದಿನ ತಗೊಂಡವರ ಅಡ್ರಿನಲ್ ಗ್ರಂಥಿ, ದೇಹಕ್ಕೆ ಬೇಕೇಬೇಕಾದ ಕಾರ್ಟಿಸೋಲ್ ಹಾರ್ಮೋನ್ ಮಾಡೋದನ್ನೂ ಕಡಿಮೆ ಮಾಡಿರುತ್ತದೆ. ಆಗ ಮಾತ್ರೆಯೂ ನಿಂತರೆ ಬಿಪಿ ಕುಸಿದು ಜೀವಕ್ಕೇ ಸಂಚಕಾರ ಬರಬಹುದು.

ಸಂಜೆ ಡಾಕ್ಟರಿಗೆ ಫೋನ್ ಮಾಡಿದೆವು. ಪುಣ್ಯಾತ್ಮರು ಸಮಾಧಾನವಾಗಿ ಹೇಳಿದರು. ಜಿಂಕ್ ಕಡಿಮೆಯಾದರೆ ಸೋಂಕು ತಡೆಯುವ ಶಕ್ತಿ ಕುಗ್ಗೋದು ನಿಜ, ಆದರೆ ಸ್ಟೀರಾಯ್ಡಿನ ಪರಿಣಾಮವನ್ನು ಅದು ಅಳಿಸಲ್ಲ. ಹೆಂಗಸರಿಗೆ ದಿನಕ್ಕೆ ಬೇಕಾದದ್ದು ಸುಮಾರು 13 ಮಿಲಿಗ್ರಾಂ. ಸುಮ್ನೆ 50 ಮಿಲಿಗ್ರಾಂ ತಿಂಗಳುಗಟ್ಟಲೆ ನುಂಗಿದರೆ ದೇಹದಲ್ಲಿ ತಾಮ್ರ ಇಳಿಯುತ್ತದೆ. ರಕ್ತಹೀನತೆ ಬರಬಹುದು, ಬಿಳಿ ರಕ್ತಕಣವೂ ಕಡಿಮೆಯಾಗಬಹುದು. ಇಮ್ಯೂನಿಟಿಗೆ ಅಂತ ತಗೊಂಡದ್ದು ಇಮ್ಯೂನಿಟಿಗೇ ಏಟು!

ನಾವು ಸಸ್ಯಾಹಾರಿಗಳು. ಕಾಳು, ಧಾನ್ಯಗಳಲ್ಲಿರುವ ಫೈಟೇಟ್ ಅನ್ನೋ ಅಂಶ ಜಿಂಕನ್ನು ಮೈಗೆ ಸೇರದಂತೆ ಹಿಡಿದಿಟ್ಟುಕೊಳ್ಳುತ್ತದೆ. ನೆನೆಸಿ, ಮೊಳಕೆ ಬರಿಸಿ, ಹಿಟ್ಟು ಹುಳಿ ಬರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ದೋಸೆ, ಎಳ್ಳು ಚಟ್ನಿ, ಕುಂಬಳಬೀಜ, ಮೊಸರು ಇರಲಿ ಅಂದರು. ಒಂದು ಎಚ್ಚರಿಕೆ ಕೊಟ್ಟರು: ಸ್ಟೀರಾಯ್ಡ್ ತಗೊಳ್ಳುವವರು ಮೊಳಕೆ ಕಾಳನ್ನು ಹಸಿಯಾಗಿ ತಿನ್ನಬಾರದು, ಅದರಲ್ಲಿ ರೋಗಾಣು ಜಾಸ್ತಿ ಬೆಳೆಯಬಹುದು. ಈಗ ಹೆಸರುಕಾಳು ಬೆಂದು ಉಸಲಿಯಾಗೇ ತಟ್ಟೆಗೆ ಬರುತ್ತದೆ.

ಅಂಗಡಿಯವರ ಮೇಲೆ ನನಗೆ ಸಿಟ್ಟಿದೆ. ಆದರೆ ಅಕ್ಕ ಕೇಳಿದ್ದರಲ್ಲಿ ತಪ್ಪೇನಿದೆ? ಕನ್ನಡಿ ನೋಡಿ ಬೇಜಾರಾಗುವವರು ಕೇಳಲೇಬೇಕಲ್ವಾ? ಗಿಜಿಗುಡುವ ಓಪಿಡಿಯಲ್ಲಿ ಬಾಯಿ ಬರಲ್ಲ, ಔಷಧಿ ಅಂಗಡಿಯಲ್ಲಿ ಬರುತ್ತದೆ. ಅಲ್ಲಿ ಉತ್ತರ ಕೊಡುವವರ ಕೈಯಲ್ಲಿ ಮಾರುವ ಮಾತ್ರೆ ಇರುತ್ತದೆ. ಹಾಗಾಗಿ ಮುಂದಿನ ಭೇಟಿಗೆ ಅವಳೇ ಚೀಟಿ ಬರೆದಿಟ್ಟಿದ್ದಾಳೆ: ಡೋಸ್ ಯಾವಾಗ ಇಳಿಸ್ತೀರಿ, ಮೂಳೆಗೆ ಕ್ಯಾಲ್ಸಿಯಂ ಸಾಕಾ, ಫ್ಲೂ ಲಸಿಕೆ ಯಾವಾಗ, ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡಲಿ?