ಫೈಲಿನಲ್ಲಿ ಗಂಡನ ವರದಿ ಎಲ್ಲಿದೆ?

ಮಕ್ಕಳಾಗಿಲ್ಲವೆಂದು ಗದಗ ಸುತ್ತಲಿನ ಹಳ್ಳಿಗಳಿಂದ ನನ್ನ ಬಳಿ ಸಮಾಲೋಚನೆಗೆ ಬರುವ ದಂಪತಿಗಳ ಫೈಲುಗಳಲ್ಲಿ ಹೆಂಡತಿಯ ಸ್ಕ್ಯಾನಿಂಗ್, ಥೈರಾಯ್ಡ್ ವರದಿ, ಗರ್ಭಕೋಶಕ್ಕೆ ಅಂಡ ಒಯ್ಯುವ ನಾಳ ತೆರೆದಿದೆಯೇ ಎಂದು ನೋಡುವ ಟ್ಯೂಬ್ ಟೆಸ್ಟಿನ ಎಕ್ಸ್-ರೇ ಎಲ್ಲವೂ ಇರುತ್ತವೆ. ಗಂಡನ ಹೆಸರು ಕಾಣುವುದು ಬಿಲ್ಲಿನ ಮೇಲೆ ಮಾತ್ರ. ಕೇಳಿದರೆ, "ನನಗೇನ್ ಆಗೇತ್ರೀ ಮೇಡಂ, ಗಟ್ಟಿಮುಟ್ಟ ಅದೀನಿ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಗಟ್ಟಿಮುಟ್ಟಾಗಿರುವವರ ಮೈಯಲ್ಲಿಯೂ ಕ್ಲಮಿಡಿಯಾ ಇರಬಲ್ಲದು. ಲೈಂಗಿಕ ಸಂಪರ್ಕದಿಂದ ಹರಡುವ ಈ ಸೋಂಕು ತಗುಲಿದ ಹೆಂಗಸರಲ್ಲಿ ಬಹುಪಾಲು ಮಂದಿಗೆ ಉರಿ, ನೋವು, ಬಿಳಿ ಹೋಗುವುದು ಯಾವುದೂ ಕಾಣಿಸದು. ಆದರೆ ಚಿಕಿತ್ಸೆಯಿಲ್ಲದೆ ಉಳಿದಾಗ ಅದು, ಗೊನೋರಿಯಾ ಎಂಬ ಇನ್ನೊಂದು ಲೈಂಗಿಕ ಸೋಂಕಿನಂತೆಯೇ, ಗರ್ಭಕೋಶದಿಂದ ಮೇಲೇರಿ ಅಂಡನಾಳದಲ್ಲಿ ಉರಿಯೂತ ಉಂಟುಮಾಡಿ, ಗಾಯ ಮಾಯುವಾಗ ನಾಳವನ್ನೇ ಮುಚ್ಚಿಬಿಡಬಹುದು. ವೀರ್ಯ ಪರೀಕ್ಷೆ ಸರಿಯಿದೆ ಎಂದಮಾತ್ರಕ್ಕೆ ಗಂಡನಿಗೆ ಸೋಂಕಿಲ್ಲವೆಂದು ಹೇಳಲಾಗದು. ಅದಕ್ಕೆ ಮೂತ್ರದಲ್ಲಿ ರೋಗಾಣುವಿನ ವಂಶವಾಹಿಯ ಗುರುತು ಹುಡುಕುವ ನ್ಯಾಟ್ ಪರೀಕ್ಷೆಯೇ ಬೇರೆ ಇದೆ.

ಅತ್ತೆಯವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಗಂಡ ಹೆಂಡಿರೊಂದಿಗೆ ಮೊದಲು ಬೇರೆ ಬೇರೆಯಾಗಿ ಮಾತನಾಡುವುದು ನನ್ನ ರೂಢಿ. ಸೋಂಕು ಇದೆಯೆಂದು ವರದಿ ಬಂದ ಕ್ಷಣದಿಂದ ಮನೆಯಲ್ಲಿ ನಡೆಯುವ ವಿಚಾರಣೆ ಚಿಕಿತ್ಸೆಗಿಂತ ಕಠಿಣವಾದದ್ದು. ಲಕ್ಷಣಗಳಿಲ್ಲದೆ ಈ ಸೋಂಕು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಉಳಿಯುವುದರಿಂದ, ಅದು ಯಾವಾಗ, ಯಾರಿಂದ ಬಂತೆಂಬುದನ್ನು ಯಾವ ವರದಿಯೂ ಹೇಳಲಾರದು. ಇನ್ನು, ಮುಚ್ಚಿದ ನಾಳವೆಲ್ಲ ಲೈಂಗಿಕ ಸೋಂಕಿನ ಫಲವೂ ಅಲ್ಲ. ನಮ್ಮ ದೇಶದಲ್ಲಿ ಜನನಾಂಗದ ಕ್ಷಯವೂ ಅದಕ್ಕೆ ದೊಡ್ಡ ಕಾರಣ. ಎಕ್ಸ್-ರೇ ಹಿಡಿದು ಸೊಸೆಯ ನಡತೆ ಅಳೆಯುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಸರ್ಕಾರಿ ಜಿಲ್ಲಾ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ಲೈಂಗಿಕ ಸೋಂಕುಗಳಿಗೆಂದೇ ಇರುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಔಷಧಗಳನ್ನು ಬಣ್ಣದ ಕಿಟ್‌ಗಳಾಗಿ ಉಚಿತವಾಗಿ ಕೊಡುತ್ತಾರೆ. ಬೂದು ಬಣ್ಣದ ಕಿಟ್‌ನಲ್ಲಿ ಅಜಿತ್ರೊಮೈಸಿನ್ 1 ಗ್ರಾಂ ಮತ್ತು ಸೆಫಿಕ್ಸಿಮ್ 400 ಮಿಲಿಗ್ರಾಂ ಎಂಬ ರೋಗಾಣು ಕೊಲ್ಲುವ ಮಾತ್ರೆಗಳು ಇರುತ್ತವೆ. ಕಿಬ್ಬೊಟ್ಟೆ ನೋವಿನ ಹಳದಿ ಕಿಟ್ಟಿನ ಮಾತ್ರೆಗಳನ್ನು 14 ದಿನ ನುಂಗಬೇಕು. ನೋವು ಇಳಿದೊಡನೆ ಉಳಿದ ಮಾತ್ರೆಗಳನ್ನು ಮಾಡದಲ್ಲಿಟ್ಟು ಮರೆಯುವವರೇ ಹೆಚ್ಚು. ಹೆಂಡತಿಗೆ ಮಾತ್ರ ಔಷಧ ಕೊಟ್ಟು ಗಂಡನನ್ನು ಬಿಟ್ಟರೆ ಸೋಂಕು ಅವನಿಂದ ಮತ್ತೆ ಅವಳಿಗೆ ಬರುತ್ತದೆ. ಆದ್ದರಿಂದ ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆಯಾಗಬೇಕು, ಇಬ್ಬರ ಔಷಧವೂ ಮುಗಿಯುವವರೆಗೆ, ಒಂದೇ ಸಲದ ಗುಳಿಗೆಯಾದರೆ ನುಂಗಿದ ಮೇಲೆ 7 ದಿನ, ಸಂಪರ್ಕ ಬೇಡ.

ಗುಳಿಗೆ ರೋಗಾಣುವನ್ನು ಕೊಲ್ಲುತ್ತದೆಯೇ ಹೊರತು ಮುಚ್ಚಿದ ನಾಳವನ್ನು ತೆರೆಯುವುದಿಲ್ಲ. ಎರಡೂ ನಾಳ ಮುಚ್ಚಿದವರಿಗೆ ವೈದ್ಯರು ಐವಿಎಫ್, ಅಂದರೆ ದೇಹದ ಹೊರಗೆ ಭ್ರೂಣ ಬೆಳೆಸಿ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ, ಸೂಚಿಸಬಹುದು. ನಾಳದಲ್ಲಿ ನೀರು ತುಂಬಿಕೊಂಡಿದ್ದರೆ ಭ್ರೂಣ ನಿಲ್ಲುವ ಸಾಧ್ಯತೆ ಕುಗ್ಗುವುದರಿಂದ, ಮೊದಲು ಆ ನಾಳವನ್ನು ತೆಗೆಯುವ ಅಥವಾ ಗರ್ಭಕೋಶದ ಬಳಿ ಮುಚ್ಚುವ ಮಾತು ಬರುತ್ತದೆ. ಹುಬ್ಬಳ್ಳಿಯ ಖಾಸಗಿ ಕೇಂದ್ರಗಳಲ್ಲಿ ಹಣ ಕಟ್ಟುವ ಮೊದಲೇ ಇದನ್ನು ಕೇಳಿ ತಿಳಿದುಕೊಳ್ಳಿ, ಗಂಡನನ್ನೂ ಜೊತೆಗೆ ಕರೆದೊಯ್ಯಿರಿ.